ಕೆಸರುಗಾಲಿನ ಹಕ್ಕಿಗೆ ಹೆಸರಿಡುವ ಮುನ್ನ

ಕೆಸರುಬಯಲಿನಲ್ಲಿ ಮೇಯುವ ನೀರಂಚಿನ ಹಕ್ಕಿಗಳದ್ದು ಶರತ್ಕಾಲದ ವಲಸೆ ಎನ್ನುತ್ತೇವಾದರೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದು ಶುರುವಾಗುವುದು ಜುಲೈ ಕೊನೆಗೆ. ಅವು ಗೂಡು ಕಟ್ಟುವ, ಉತ್ತರ ಧ್ರುವದ ಸುತ್ತಲಿನ ಟಂಡ್ರಾ ಎಂಬ ಮರಗಳಿಲ್ಲದ ಶೀತ ಬಯಲಲ್ಲಿ ಬೇಸಿಗೆ ಬಲು ಗಿಡ್ಡ. ಗೂಡು ಕೆಟ್ಟ ಹಕ್ಕಿಗಳು ಅಲ್ಲಿ ಕಾದು ಕೂರದೆ ಹೊರಟುಬಿಡುತ್ತವೆ. ಮರಿ ಮಾಡಿದವುಗಳಲ್ಲೂ ಬಹಳಷ್ಟು ಜಾತಿಗಳಲ್ಲಿ ದೊಡ್ಡವು ಮುಂದೆ, ಮರಿಗಳು ಕೆಲವು ವಾರ ಹಿಂದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಜಾತಿಯ ಗಂಡಂತೂ ಕಾವು, ಸಾಕಣೆ ಎಲ್ಲವನ್ನೂ ಹೆಣ್ಣಿಗೆ ವಹಿಸಿ ಅದಕ್ಕಿಂತ ಮೊದಲೇ ಕಾಲು ಕೀಳುತ್ತದೆ. ಇದೊಂದೂ ತಿಳಿಯದ ನಾನು ಮೊದಲ ಮೂರು ವರ್ಷ ಅಕ್ಟೋಬರ್‌ನಲ್ಲಿ ಹೋಗಿ, ಮುಗಿಯುತ್ತಾ ಬಂದ ಜಾತ್ರೆಯನ್ನು ನೋಡಿ ಬರುತ್ತಿದ್ದೆ.

ನನ್ನದು ಅಳಿವೆಯ ಒಂದು ಕೆಸರುಬಯಲು, ಅದರ ಪಕ್ಕದಲ್ಲೊಂದು ಸಿಹಿನೀರಿನ ಹೊಂಡ. ವಾರಕ್ಕೊಮ್ಮೆ, ಅದೇ ಜಾಗಕ್ಕೆ, ನವೆಂಬರ್‌ವರೆಗೆ. ಉಬ್ಬರ ಪೂರ್ತಿಯಾಗುವ ಎರಡು ಗಂಟೆ ಮುಂಚೆ, ಸೂರ್ಯ ಬೆನ್ನ ಹಿಂದಿರುವಂತೆ ಕೂರುತ್ತೇನೆ. ನಾನು ಹಕ್ಕಿಗಳ ಹತ್ತಿರ ಹೋಗಬೇಕಾಗಿಲ್ಲ, ಏರುವ ನೀರೇ ಅವುಗಳನ್ನು ನನ್ನತ್ತ ತಳ್ಳುತ್ತದೆ. ಮೇಯುತ್ತಿದ್ದವು ಒಮ್ಮೆಲೇ ಕತ್ತೆತ್ತಿ ನಿಂತವೆಂದರೆ ನಾನು ಗಡಿ ದಾಟಿದ್ದೇನೆ ಎಂದರ್ಥ. ಅವು ಅಲ್ಲಿ ಇಳಿದಿರುವುದು ಮುಂದಿನ ಹಾರಾಟಕ್ಕೆ ಕೊಬ್ಬು ಕೂಡಿಸಲು. ಒಂದು ಫೋಟೋಕ್ಕಾಗಿ ಹಿಂಡನ್ನು ಎಬ್ಬಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಬ್ಬಿಸುವ ಕೆಲಸಕ್ಕೆ ಡೇಗೆ ಇದ್ದೇ ಇದೆ.

ಮೊದಲೆಲ್ಲ ಪುಸ್ತಕದಲ್ಲಿ ಹೆಸರು, ಎಣಿಕೆ ಎರಡೇ ಇರುತ್ತಿದ್ದವು. ವಯಸ್ಸಿಗೆಂದು ಮೂರನೆಯ ಅಂಕಣ ಎಳೆದ ಮೇಲೆ ವಲಸೆಯ ಲಯ ಕಾಣತೊಡಗಿತು. ಆಗಸ್ಟ್ ಮೊದಲಲ್ಲಿ ಬರುವ ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಗಳು ವಯಸ್ಸಿಗೆ ಬಂದವು. ಬೆನ್ನಿನ ಕೆಂಗಂದು ಮಾಸಿ, ಗರಿಯ ಅಂಚು ಹಳೆಯ ಪೊರಕೆಯಂತೆ ಸವೆದಿರುತ್ತದೆ. ತಿಂಗಳ ಕೊನೆಗೆ ಒಂದು ಬೆಳಿಗ್ಗೆ ನೋಡಿದರೆ ಹಿಂಡಿನಲ್ಲಿ ಈಗಷ್ಟೇ ಇಸ್ತ್ರಿ ಮುಗಿಸಿ ಬಂದಂಥವು ಸೇರಿಕೊಂಡಿರುತ್ತವೆ: ಪ್ರತಿ ಗರಿಗೂ ಅಚ್ಚುಕಟ್ಟಾದ ತಿಳಿ ಅಂಚು, ಬೆನ್ನ ಮೇಲೆ ಕತ್ತರಿ ಬಿಚ್ಚಿಟ್ಟಂತೆ ಎರಡು ಬಿಳಿ ಗೆರೆ. ಅವು ಆ ವರ್ಷದ ಮರಿಗಳು. ದಾರಿ ತೋರಿಸಲು ತಂದೆತಾಯಿ ಜೊತೆಯಲ್ಲಿಲ್ಲ. 2022ರಲ್ಲಿ ಉಪಗ್ರಹ ಟ್ಯಾಗ್ ಹೊತ್ತ ಐದು ತಿಂಗಳ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಇನ್ನೊಂದು ನೀರಂಚಿನ ಹಕ್ಕಿ ಅಲಾಸ್ಕಾದಿಂದ ಟ್ಯಾಸ್ಮೇನಿಯಾದವರೆಗೆ ಸುಮಾರು 13,560 ಕಿಲೋಮೀಟರನ್ನು 11 ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿತ್ತು. ಕೆಸರಿನಲ್ಲಿ ಹುಳು ಕುಕ್ಕುತ್ತಿರುವ ಗುಬ್ಬಚ್ಚಿ ಗಾತ್ರದ ಮರಿಯನ್ನು ನೋಡುವಾಗೆಲ್ಲ ನನಗೆ ಆ ಗಾಡ್‌ವಿಟ್ ನೆನಪಾಗುತ್ತದೆ.

ಇಷ್ಟೆಲ್ಲ ಕಲಿತೆ ಎಂಬ ಜಂಬದಲ್ಲಿದ್ದಾಗಲೇ ಎಡವಿದೆ. ಹೊಂಡದ ಅಂಚಿನಲ್ಲಿ ಒಂಟಿ ಸ್ಟಿಂಟ್. ದೂರದರ್ಶಕ ಸ್ಕೋಪಿನಲ್ಲಿ ಕಾಲು ಕಪ್ಪು, ಲಿಟಲ್ ಸ್ಟಿಂಟ್‌ನದ್ದರಂತೆ ಸ್ಪಷ್ಟವಾಗಿ ಕಪ್ಪು. ‘ಲಿಟಲ್ ಸ್ಟಿಂಟ್, 1’ ಎಂದು ಬರೆದೇಬಿಟ್ಟೆ. ಜೊತೆಗಿದ್ದ ಹಿರಿಯರು ಸ್ಕೋಪಿನಿಂದ ಕಣ್ಣು ತೆಗೆಯದೆ, “ಕಾಲು ತೊಳೆದುಕೊಳ್ಳಲಿ ಇರಿ, ಆಮೇಲೆ ನಾಮಕರಣ ಮಾಡೋಣ” ಎಂದರು. ಮತ್ತೆ ನೋಡಿದೆ. ಬೆನ್ನ ಮೇಲೆ ಬಿಳಿ ಗೆರೆಗಳಿಲ್ಲ, ಒಂದೇ ಸಮ ಬೂದುಗಂದು. ಎದೆಗೂ ಮಬ್ಬು ಬಣ್ಣ ಬಳಿದಂತಿತ್ತು. ಓಟವೂ ಬೇರೆ: ಲಿಟಲ್ ಸ್ಟಿಂಟ್ ಹೊಲಿಗೆ ಯಂತ್ರದ ಸೂಜಿಯಂತೆ ಚುಚ್ಚುತ್ತಾ ಓಡಿದರೆ, ಇದು ಮೊಣಕಾಲು ಮಡಿಸಿ ನಿಧಾನಕ್ಕೆ ತೆವಳುವಂತೆ ನಡೆಯುತ್ತಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ಅದು ನೀರಿಗಿಳಿದು ನಾಲ್ಕು ಹೆಜ್ಜೆ ಹಾಕಿ ಮೇಲೆ ಬಂತು. ಕಾಲಿನ ಕೆಸರು ತೊಳೆದುಹೋಗಿ ಒಳಗಿನ ಹಸಿರು ಮಿಶ್ರಿತ ಹಳದಿ ಕಾಣಿಸಿತು. ಸ್ವಲ್ಪ ಹೊತ್ತಿಗೆ ಟಿರ್ರ್ ಎಂದು ಕೂಗುತ್ತಾ ಮೇಲೆದ್ದಾಗ ಬಾಲದ ಎರಡೂ ಬದಿಗಳಲ್ಲಿ ಬಿಳಿ ಮಿಂಚಿತು. ಲಿಟಲ್ ಸ್ಟಿಂಟ್ ಅಲ್ಲ, ಅದರಷ್ಟೇ ಪುಟ್ಟ ಇನ್ನೊಂದು ಜಾತಿ: ಟೆಮ್ಮಿಂಕ್ಸ್ ಸ್ಟಿಂಟ್.

ಬರೆದದ್ದನ್ನು ಹೊಡೆದುಹಾಕಿದೆ. ಮನೆಗೆ ಬಂದು ಹಿಂದಿನ ವರ್ಷಗಳ ಪುಟ ತಿರುವಿದರೆ, ಹೊಂಡದ ಬಳಿ ಕಂಡ ಒಂಟಿ ‘ಲಿಟಲ್ ಸ್ಟಿಂಟ್’ಗಳು ಹನ್ನೊಂದು. ಎಷ್ಟು ಸರಿ, ಎಷ್ಟು ತಪ್ಪು ಎಂದು ಈಗ ಯಾರನ್ನು ಕೇಳುವುದು? ಹನ್ನೊಂದರ ಮುಂದೆಯೂ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಆಮೇಲಿನ ಪುಟಗಳಲ್ಲಿ ‘ಸ್ಟಿಂಟ್, ಕಾಲು ಕೆಸರು, ಹೆಸರಿಲ್ಲ’ ಎಂಬ ಸಾಲು ಆಗಾಗ ಬರುತ್ತದೆ. ಕಳೆದ ಸೆಪ್ಟೆಂಬರ್‌ನ ಒಂದೇ ಬೆಳಿಗ್ಗೆ ಅಂಥವು ಏಳು.