ರಟ್ಟಿನ ಮೇಲಿದ್ದ ಪಾಸ್‌ವರ್ಡ್ ಹೋಯಿತು

ದಾವಣಗೆರೆಯ ಒಬ್ಬ ಸಾಹುಕಾರರ ಮೂರು ಸೂಪರ್ ಮಾರ್ಕೆಟ್‌ಗಳ ನೆಟ್‌ವರ್ಕ್ ನನ್ನ ಕೈಯಲ್ಲಿದೆ. ಅಂಗಡಿ ವೈಫೈನಲ್ಲಿ ಒಂದೊಂದು ಮಷಿನ್‌ಗೂ ಬೇರೆ ಪಾಸ್‌ವರ್ಡ್ ಇಡುತ್ತೇನೆ ಅಂದಾಗ ನಮ್ಮ ಲೈನಿನ ಗೆಳೆಯರೇ ನಕ್ಕರು. ಅದಕ್ಕೆ ದೊಡ್ಡ ಕಂಟ್ರೋಲರ್ ಬೇಕು, ನಿನ್ನ ಮೈಕ್ರೋಟಿಕ್ ರೂಟರ್ ಡಬ್ಬಿಯಲ್ಲಿ ಆಗಲ್ಲ ಅಂದರು. ಒಂದು ವರ್ಷದ ಮೇಲಾಯಿತು, ನಡೆಯುತ್ತಿದೆ.

ಮೊದಲು ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಕ್ಯಾಶ್ ಕೌಂಟರ್ ಹಿಂದೆ ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆದಿತ್ತು. ಬಿಲ್ಲಿಂಗ್, ಸಿಸಿಟಿವಿ, ಹುಡುಗರ ಫೋನು, ಗಿರಾಕಿಗಳ ಫೋನು ಎಲ್ಲಾ ಒಂದೇ ಕಡೆ. ಒಂದು ದಿನ ಯಾರೋ ಬಿಲ್ ಪ್ರಿಂಟರ್‌ನ 9100 ಪೋರ್ಟ್‌ಗೆ (ಬಂದದ್ದನ್ನು ಹಾಗೇ ಪ್ರಿಂಟ್ ಮಾಡುವ ಬಾಗಿಲು) ಏನೋ ಕಳಿಸಿದರು. ಒಂದು ರೋಲ್ ಪೂರ್ತಿ ಕಸ ಕಕ್ಕಿತು. ಎಲ್ಲರೂ ನಕ್ಕು ಸುಮ್ಮನಾದರು.

ದೀಪಾವಳಿ ಹಿಂದಿನ ದಿನ ಮಾತ್ರ ಯಾರೂ ನಗಲಿಲ್ಲ. ಕರೆಂಟ್ ಹೋಗಿ ಬಂತು, ಬಿಲ್ಲಿಂಗ್ ಮಷಿನ್‌ಗೆ ಐಪಿಯೇ, ಅಂದರೆ ನೆಟ್‌ವರ್ಕ್ ವಿಳಾಸವೇ, ಸಿಗಲಿಲ್ಲ. ಲೀಸ್, ಅಂದರೆ ಒಮ್ಮೆ ಕೊಟ್ಟ ವಿಳಾಸ ಆ ಫೋನಿಗೇ ಮೀಸಲಿರುವ ಅವಧಿ, 3 ದಿನ ಇತ್ತು. ಪೂಲ್‌ನಲ್ಲಿದ್ದ 253 ವಿಳಾಸಗಳನ್ನೂ ಗಿರಾಕಿಗಳ ಫೋನುಗಳೇ ನುಂಗಿದ್ದವು. ಮುಕ್ಕಾಲು ಗಂಟೆ ಕೈಯಲ್ಲೇ ಬಿಲ್ ಬರೆದರು. ಬೈಗುಳ ನನಗೆ.

ಅಮೆರಿಕದ ಟಿಜೆಎಕ್ಸ್ ಅಂಗಡಿಗಳ ಕಥೆಯನ್ನೂ ಸಾಹುಕಾರರಿಗೆ ಹೇಳಿ ನೋಡಿದೆ. ಸುಲಭವಾಗಿ ಒಡೆಯುವ ಹಳೇ ವೆಪ್ ಬೀಗದ ವೈಫೈ ಮೂಲಕ ಕಳ್ಳರು ಒಳಗೆ ಹೋಗಿದ್ದರು. 2007ರಲ್ಲಿ ಗೊತ್ತಾದಾಗ ಸುಮಾರು 4.5 ಕೋಟಿ ಕಾರ್ಡ್‌ಗಳ ವಿವರ ಹೋಗಿತ್ತು. "ನಮ್ಮಲ್ಲೇನೈತಪ್ಪ ಕದಿಯಾಕೆ, ಬೇಳೆ ಬೆಲ್ಲ" ಅಂದರು. ದೀಪಾವಳಿ ಲೆಕ್ಕ ತೆಗೆದ ಮೇಲೆ ಒಪ್ಪಿದರು.

ಒಂದು ಕಂಪನಿಯವರು ಒಂದೂ ಮುಕ್ಕಾಲು ಲಕ್ಷದ ಕೊಟೇಶನ್ ಕೊಟ್ಟಿದ್ದರು, ವರ್ಷವರ್ಷದ ಲೈಸೆನ್ಸ್ ಬೇರೆ. ನನಗೆ ಮೂರೂ ಅಂಗಡಿ ಸೇರಿ ನಲವತ್ತು ಸಾವಿರದ ಆಸುಪಾಸು ಆಯಿತು. ಅದರಲ್ಲಿ ಆರು ಸಾವಿರ ದಂಡ. ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ನೆಟ್‌ವರ್ಕ್ ಓಡಿಸುವುದು) ಗೊತ್ತಿಲ್ಲದ ಅಗ್ಗದ ಸ್ವಿಚ್‌ಗಳನ್ನು ತಂದಿದ್ದೆ, ಇನ್ನೂ ಮನೆಯ ಅಟ್ಟದ ಮೇಲಿವೆ.

ಬಿಲ್ಲಿಂಗ್, ಕ್ಯಾಮೆರಾ, ಗಿರಾಕಿ ಮೂರಕ್ಕೂ ಬೇರೆ ವಿಲ್ಯಾನ್ ಮಾಡಿದೆ. ಗಿರಾಕಿ ಲೀಸ್ ಅರ್ಧ ಗಂಟೆ, ಒಂದು ಫೋನಿಗೆ ಇನ್ನೊಂದು ಫೋನ್ ಕಾಣುವುದಿಲ್ಲ. ಗುಂಡಿ ಒತ್ತಿ ಇಲ್ಲವೇ ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಎಲ್ಲ ಕಡೆ ಬಂದ್. ಬಿಲ್ಲಿಂಗ್ ಕಡೆ ಆಕ್ಸೆಸ್ ಲಿಸ್ಟ್‌ನಲ್ಲಿ ಪ್ರತಿ ಮ್ಯಾಕ್‌ಗೂ, ಅಂದರೆ ಮಷಿನ್‌ನ ವೈಫೈ ಗುರುತಿನ ನಂಬರಿಗೂ, ಅದರದೇ ಕೀ (ಪಾಸ್‌ವರ್ಡ್). ಮ್ಯಾಕ್ ಕದ್ದರೂ ಕೀ ಇಲ್ಲದೆ ಒಳಗೆ ಬರೋಕಾಗಲ್ಲ. ಕೆಲಸ ಬಿಟ್ಟ ಹುಡುಗ ಅಂಗಡಿಯ ಟ್ಯಾಬ್ ವಾಪಸ್ ಕೊಡದಿದ್ದರೆ ಆ ಒಂದು ಸಾಲು ಅಳಿಸಿದರೆ ಸಾಕು, ಉಳಿದ ಮಷಿನ್‌ಗಳನ್ನು ಮುಟ್ಟೋದೇ ಬೇಡ.

ಸುಲಭ ಅನ್ನಿಸುತ್ತೆ, ಅಲ್ವಾ? ಸ್ಟಾಕ್ ನೋಡುವ ಟ್ಯಾಬ್ ಮೊದಲ ದಿನವೇ ಕೈಕೊಟ್ಟಿತು. ಎರಡು ತಾಸು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಆಂಡ್ರಾಯ್ಡ್ ತನ್ನ ನಿಜವಾದ ಮ್ಯಾಕ್ ಬಿಟ್ಟು ಸುಳ್ಳು ಮ್ಯಾಕ್ ತೋರಿಸುತ್ತಿತ್ತು. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆಯಬೇಕು. ಆಮೇಲೆ ವೈಫೈನ ಹೊಸ ಬೀಗ ಡಬ್ಲ್ಯೂಪಿಎ3ರ ಹುಚ್ಚು ಹತ್ತಿತು. ಹಳೇ ಬಾರ್‌ಕೋಡ್ ಗನ್‌ಗಳು ಶನಿವಾರ ಸಂಜೆ ರಶ್‌ನಲ್ಲೇ ಸತ್ತುಬಿದ್ದವು. ಮತ್ತೆ ಡಬ್ಲ್ಯೂಪಿಎ2ಗೆ ಬಂದೆ. ನಾಚಿಕೆಯೇನಿಲ್ಲ, ಕೀ 20 ಅಕ್ಷರದ ಮೇಲಿದೆ.

ನಡುವೆ ಒಂದು ಇಎಸ್‌ಪಿ32 ಅನ್ನುವ ಪುಟ್ಟ ವೈಫೈ ಬೋರ್ಡ್ ಹಿಡಿದು ಆಟವಾಡಿದೆ, ಐನೂರು ರೂಪಾಯಿಯೊಳಗೆ ಸಿಗುತ್ತೆ. ನಮ್ಮದೇ ಹೆಸರಲ್ಲಿ ಬೇರೆ ಯಾರಾದರೂ ವೈಫೈ ಬಿಟ್ಟರೆ ಕೆಂಪು ದೀಪ ಉರಿಯುವ ಹಾಗೆ. ಮೊದಲ ವಾರ ದಿನವೂ ಉರಿಯಿತು. ಹಿಡಿದು ನೋಡಿದರೆ ಮೇಲಿನ ಮಹಡಿಯ ನಮ್ಮದೇ ಆಕ್ಸೆಸ್ ಪಾಯಿಂಟ್! ಅದನ್ನು ಪಟ್ಟಿಗೆ ಸೇರಿಸಲು ಮರೆತಿದ್ದೆ.

ತಿಂಗಳಿಗೊಮ್ಮೆ ಕೀಗಳನ್ನು ತಾನೇ ಬದಲಿಸಿ ಮಷಿನ್‌ಗಳಿಗೂ ಮುಟ್ಟಿಸುವ ಸ್ಕ್ರಿಪ್ಟ್ ಇದೆಯಲ್ಲ, ಅದನ್ನು ಮಾತ್ರ ಹೇಳಲ್ಲ. ಅದು ನನ್ನ ಹೊಟ್ಟೆಪಾಡು.

ಕೊನೆಗೆ ಸಿಗ್ನಲ್ ಪವರ್ ಇಳಿಸಿದೆ. ಸ್ಟೀಲ್ ರ‍್ಯಾಕ್‌ಗಳ ನಡುವೆ ಒಂದು ಮೂಲೆಯಲ್ಲಿ ಬಿಟ್ಟು ಎಲ್ಲ ಕಡೆ ಚೆನ್ನಾಗೇ ಸಿಕ್ಕಿತು. ನಾಲ್ಕು ದಿನ ಬಿಟ್ಟು ಎದುರಿನ ಚಹಾ ಅಂಗಡಿಯವನು ಬಂದ. "ಅಣ್ಣಾ, ನಿಮ್ಮ ನೆಟ್ ಕೆಟ್ಟೈತೇನು? ನಮ್ಮ ಟಿವಿ ಓಡ್ತಾನೇ ಇಲ್ಲ!"