ಅಪ್ಪನ ಲೇಥ್ ಶೆಡ್ಡಿನಲ್ಲಿ ಕಾರ್ ಲಿಫ್ಟ್ ಕೂರಿಸಿದ್ದು

ಕಾಮಾಕ್ಷಿಪಾಳ್ಯದ ನಮ್ಮ ಮನೆಯಲ್ಲಿ ಕೆಳಗೆ ಶೆಡ್ಡು, ಮೇಲೆ ಸಂಸಾರ. ಅಪ್ಪ ಇಪ್ಪತ್ತೈದು ವರ್ಷ ಅಲ್ಲೇ ಒಂದು ಲೇಥ್ ಇಟ್ಟುಕೊಂಡು ಪೀಣ್ಯದ ಫ್ಯಾಕ್ಟರಿಗಳಿಗೆ ಬುಶ್ಶು, ಪಿನ್ನು ಮಾಡಿಕೊಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಲೇಥ್ ಮಾರಿದರು. ಆ ಜಾಗದಲ್ಲಿ ಅವರ 1997ರ ಮಾರುತಿ 800 ಮತ್ತು ನನ್ನ ಸ್ವಿಫ್ಟ್ ಬಂದು ನಿಂತವು. ಎರಡರ ರಿಪೇರಿಯೂ ನನ್ನದೇ. ಒಂದು ಭಾನುವಾರ 800ನ್ನು ಜಾಕ್ ಮೇಲೆ ಎತ್ತಿ, ರಟ್ಟು ಹಾಸಿ ಅಂಗಾತ ಮಲಗಿ, ಗೇರ್‌ಬಾಕ್ಸನ್ನು ಎದೆ ಮೇಲೆ ಇಳಿಸಿಕೊಂಡು ಕ್ಲಚ್ ಪ್ಲೇಟ್ ಬದಲಿಸಿದೆ. ಸೋಮವಾರ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಲಿಫ್ಟಿನ ಯೋಚನೆ ಹುಟ್ಟಿದ್ದು ಅವತ್ತೇ.

ಮೊದಲು ಕಣ್ಣು ಹಾಕಿದ್ದು ಕತ್ತರಿಯ ಹಾಗೆ ಮಡಚಿ ಏಳುವ ಸಿಸರ್ ಲಿಫ್ಟ್ ಮೇಲೆ. ನೆಲದಲ್ಲಿ ಚಪ್ಪಟೆಯಾಗಿ ಮಲಗಿರುತ್ತದೆ, ಬೋಲ್ಟಿನ ಗೋಜು ಕಡಿಮೆ, ಚಾವಣಿ ಗಿಡ್ಡವಿದ್ದರೂ ನಡೆಯುತ್ತದೆ. ಟೈರು, ಬ್ರೇಕಿನ ಕೆಲಸಕ್ಕಾದರೆ ಅದೇ ಸಾಕು. ಆದರೆ ಕಾರಿನ ನಡುಭಾಗದ ಕೆಳಗೆ ಆ ಯಂತ್ರವೇ ಅಡ್ಡ ಕೂತಿರುತ್ತದೆ. ನನಗೆ ಬೇಕಿದ್ದದ್ದು ಹೊಟ್ಟೆ ಪೂರ್ತಿ ಬಿಡುವಾಗಿರುವ ಕಾರು. ಹಾಗಾಗಿ ಎರಡು ಕಂಬದ ಲಿಫ್ಟೇ ಸರಿ ಅನ್ನಿಸಿತು. ಅದರಲ್ಲಿ ಎರಡು ಬಗೆ: ಕಂಬಗಳನ್ನು ಮೇಲೆ ಅಡ್ಡಪಟ್ಟಿ ಕಟ್ಟಿ ಜೋಡಿಸುವುದು ಒಂದು, ಕೇಬಲ್ಲು ಮತ್ತು ಆಯಿಲ್ ಪೈಪನ್ನು ನೆಲದ ಮೇಲಿನ ತಗಡಿನ ಕೆಳಗೆ ಹಾಯಿಸುವುದು ಇನ್ನೊಂದು. ಮೊದಲಿನದಕ್ಕೆ ಹನ್ನೆರಡು ಅಡಿಯಾದರೂ ಎತ್ತರ ಬೇಕು. ನಮ್ಮ ಶೆಡ್ಡು ಮೋಲ್ಡಿನವರೆಗೆ ಹನ್ನೊಂದು ಅಡಿ, ಬೀಮಿನ ಕೆಳಗೆ ಹತ್ತೇ ಅಡಿ. ಎರಡನೆಯದೇ ಗತಿಯಾಯಿತು. ಕಾರು ಒಳಗೆ ಬರುವಾಗ ಆ ತಗಡಿನ ಮೇಲೆ ಸಣ್ಣದೊಂದು ಹಂಪ್ ಹತ್ತಿದ ಹಾಗಾಗುತ್ತದೆ, ಅಷ್ಟೇ.

ಅಂಗಡಿಯವರೆಲ್ಲ ನಾಲ್ಕು ಟನ್ ಎತ್ತುತ್ತೆ ಸಾರ್ ಅಂತ ಎದೆಯುಬ್ಬಿಸುತ್ತಾರೆ. ಮಾರುತಿ 800 ಮುಕ್ಕಾಲು ಟನ್ನೂ ತೂಗುವುದಿಲ್ಲ. ಸಣ್ಣ ಕಾರಿನವರು ಕೇಳಬೇಕಾದದ್ದು ಕಾರನ್ನು ಅಡಿಯಿಂದ ಎತ್ತುವ ಕಂಬದ ತೋಳು ಎಷ್ಟು ಉದ್ದ ಚಾಚುತ್ತದೆ ಅಂತಲ್ಲ, ಎಷ್ಟು ಮೋಟಾಗಿ ಮಡಚಿಕೊಳ್ಳುತ್ತದೆ ಅಂತ. 800ರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2175 ಮಿ.ಮೀ. ಮಾತ್ರ. ದೊಡ್ಡ ಗಾಡಿಗೆಂದು ಮಾಡಿದ ತೋಳುಗಳು ಪೂರ್ತಿ ಒಳಗೆಳೆದರೂ ಅದರ ಎತ್ತುವ ಜಾಗವನ್ನು ದಾಟಿ ಹೋಗುತ್ತವೆ. ನಾನು ರಟ್ಟಿನಲ್ಲಿ 800ರ ಅಡಿಭಾಗದ ನಕ್ಷೆ ಕತ್ತರಿಸಿ ಅಂಗಡಿಗೇ ಹೊತ್ತುಕೊಂಡು ಹೋಗಿದ್ದೆ. ಮೂರು ಕಡೆ ನಕ್ಕರು. ನಾಲ್ಕನೆಯ ಕಡೆ ನೆಲದ ಮೇಲೆ ಹಾಸಿಸಿಕೊಂಡು ತೋಳು ತಿರುಗಿಸಿ ನೋಡಿದರು. ಯಂತ್ರ ಅಲ್ಲೇ ಕೊಂಡೆ.

ಆಮೇಲೆ ಶುರುವಾಯಿತು ನೋಡಿ, ನೆಲದ ಕಥೆ. ಒಬ್ಬ ಮಾರಾಟಗಾರ ಮನೆಗೇ ಬಂದು ಕಾಲಿನಿಂದ ನೆಲ ಕುಟ್ಟಿ, "ಲೇಥ್ ಇದ್ದ ಜಾಗ, ಇದಕ್ಕಿಂತ ಗಟ್ಟಿ ನೆಲ ಬೇಕಾ ಸಾರ್? ನಮ್ಮ ಹುಡುಗ್ರು ಬಂದು ಎರಡು ಗಂಟೇಲಿ ಬೋಲ್ಟ್ ಹೊಡ್ದು ಹೋಗ್ತಾರೆ" ಅಂದಿದ್ದ. ಅವನು ಹೋದ ಮೇಲೆ, ಕಂಬ ಬರುವ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಹನ್ನೆರಡು ಎಂ.ಎಂ. ಬಿಟ್ಟಿನಿಂದ ತೂತು ಕೊರೆದೆ. ಎರಡು ಇಂಚು ಇಳಿಯುವಷ್ಟರಲ್ಲಿ ಡ್ರಿಲ್ಲು ದಬಕ್ಕನೆ ಒಳಗೆ ಬಿತ್ತು. ಕೆಳಗೆ ಬರೀ ಬೋಲ್ಡರ್ ಕಲ್ಲು, ನಡುನಡುವೆ ಪೊಳ್ಳು. ಅಪ್ಪ ಮೇಲಿನಿಂದ ಇಳಿದು ಬಂದವರು, "ಪಾಯ ಹಾಕ್ಸಿದ್ದು ಲೇಥ್ ಅಡಿಗೆ ಮಾತ್ರ ಕಣೋ. ಮಿಕ್ಕಿದ್ದಕ್ಕೆಲ್ಲ ದುಡ್ಡೆಲ್ಲಿತ್ತು ಆಗ?" ಅಂದರು. ಅಂದರೆ ಒಂದು ಕಂಬ ಭದ್ರವಾದ ಪಾಯದ ಮೇಲೆ, ಇನ್ನೊಂದು ಹಪ್ಪಳದ ಮೇಲೆ.

ಇನ್ನು ಸಂಪು. ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗದ ಕೆಳಗೆ ಸಂಪು ಇಲ್ಲದ ಮನೆ ಅಪರೂಪ. ಮುಚ್ಚಳ ಕಾಣುತ್ತದೆ, ಸಂಪು ಎಲ್ಲಿಯವರೆಗೆ ಹರಡಿದೆ ಅನ್ನುವುದು ಕಾಣುವುದಿಲ್ಲ. ನೀರು ತಳ ಕಂಡಿದ್ದ ದಿನ ಟಾರ್ಚು, ಟೇಪು ಹಿಡಿದು ನಾನೇ ಒಳಗಿಳಿದೆ. ಇಳಿಯುವ ಮುಂಚೆ ಮುಚ್ಚಳ ಬಹಳ ಹೊತ್ತು ತೆಗೆದಿಟ್ಟು, ತಮ್ಮನನ್ನು ಮೇಲೆ ಕಾವಲು ನಿಲ್ಲಿಸಿದ್ದೆ. ಮುಚ್ಚಳದಿಂದ ಒಳಕ್ಕೆ ಐದು ಅಡಿ! ನಾನು ಗುರುತು ಹಾಕಿದ್ದ ಬಲಗಂಬ ಸರಿಯಾಗಿ ಅದರ ಗೋಡೆಯ ನೆತ್ತಿಗೆ ಬರುತ್ತಿತ್ತು. ಇಡೀ ಲಿಫ್ಟನ್ನು ನಾಲ್ಕು ಅಡಿ ಹಿಂದಕ್ಕೆ ಸರಿಸಿದೆ. ಅದರಿಂದ ಬೀಮು ಕಾರಿನ ನೆತ್ತಿಗೆ ಬಂತು. ಅದರ ಪಾಡು ಆಮೇಲೆ.

ಎರಡು ಬೇರೆ ಬೇರೆ ಪಾಯ ಹಾಕುವ ಬದಲು ಹದಿಮೂರು ಅಡಿ ಉದ್ದ, ನಾಲ್ಕು ಅಡಿ ಅಗಲ, ಹತ್ತು ಇಂಚು ದಪ್ಪದ ಒಂದೇ ಹಾಸು ಹಾಕಿಸಿದೆ. ಕೂತರೆ ಎರಡು ಕಂಬವೂ ಒಟ್ಟಿಗೆ ಕೂರಲಿ ಅಂತ. ಲೇಥಿನ ಹಳೇ ಪಾಯ ಒಡೆಯಲು ಮೇಸ್ತ್ರಿಗೆ ಎರಡು ದಿನ ಬೇಕಾಯಿತು. ಕೆಳಗೊಂದು, ಮೇಲೊಂದು ಕಂಬಿಯ ಜಾಲ ಕಟ್ಟಿ, ಎಂ 25 ದರ್ಜೆಯ ಕಾಂಕ್ರೀಟ್ ಸುರಿದು ವೈಬ್ರೇಟರ್ ಹಿಡಿಸಿದೆ. ಅದು 2024ರ ಮಾರ್ಚ್. ಕುಡಿಯುವ ನೀರನ್ನು ಕಟ್ಟಡದ ಕೆಲಸಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದ ತಿಂಗಳು. ಅಡುಗೆಗೇ ನೀರು ಅಳೆದು ಕೊಡುತ್ತಿದ್ದ ಅಮ್ಮ, "ಸಿಮೆಂಟಿಗೆ ಬಾಯಾರಿಕೆ ಅಂತೆ!" ಅಂತ ಬೈದುಕೊಂಡರು. ಟ್ಯಾಂಕರಿನ ಬೋರ್‌ವೆಲ್ ನೀರಲ್ಲಿ ಗೋಣಿಚೀಲ ನೆನೆಸಿ ಹಾಸಿ, ಮೇಲೆ ಪ್ಲಾಸ್ಟಿಕ್ ಮುಚ್ಚಿದೆ. ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು. ಕಾಂಕ್ರೀಟು ಪೂರ್ತಿ ಗಟ್ಟಿಯಾಗಲಿ ಅಂತ ಇಪ್ಪತ್ತೆಂಟು ದಿನ ಆಗುವ ತನಕ ಡ್ರಿಲ್ ಮುಟ್ಟಲಿಲ್ಲ, ಫಿಟ್ಟರ್ ದಿನಾ ಫೋನ್ ಮಾಡುತ್ತಿದ್ದರೂ.

ಕಂಬ ನಿಲ್ಲಿಸಲು ಅಪ್ಪನ ಕಾಲದ ಕೊಂಡಿ ಒದಗಿತು. ಲೇಥಿನ ಭಾರದ ಚಕ್ ಎತ್ತಲೆಂದು ಬೀಮಿಗೆ ಹಾಕಿಸಿದ್ದ ಕೊಂಡಿಗೆ ಚೈನ್ ಪುಲ್ಲಿ ಕಟ್ಟಿ ಒಂದೊಂದಾಗಿ ಎತ್ತಿದೆವು. ತೂತು ಕೊರೆದ ಮೇಲೆ ಒಳಗಿನ ಧೂಳನ್ನು ಊದಿ ತೆಗೆಯಲೇಬೇಕು, ಇಲ್ಲದಿದ್ದರೆ ಆಂಕರ್ ಬೋಲ್ಟ್ ಧೂಳನ್ನೇ ಕಚ್ಚಿಕೊಳ್ಳುತ್ತದೆ. ತೂಗುಗುಂಡು ಬಿಟ್ಟು ನೋಡಿದರೆ ಎಡಗಂಬ ಕೂದಲೆಳೆ ವಾಲಿತ್ತು. ಫಿಟ್ಟರ್ ಬೋಲ್ಟ್ ಬಿಗಿದು ನೇರ ಮಾಡಲು ಹೊರಟ. ಬೇಡ ಅಂದು, ಸಡಿಲಿಸಿ ಕೆಳಗೆ ಉಕ್ಕಿನ ಶಿಮ್, ಅಂದರೆ ತೆಳು ತಗಡು, ಕೊಡಿಸಿ, ಆಮೇಲೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಸಿದೆ.

ಕರೆಂಟು ಕೊಟ್ಟರೆ ಮೋಟಾರ್ ಗುಂಯ್ ಅನ್ನುತ್ತದೆ, ತೋಳು ಅಲುಗುವುದಿಲ್ಲ. ಫಿಟ್ಟರ್ ಪಂಪೇ ಹೋಗಿದೆ ಅಂದ. ಅಪ್ಪ ಕುರ್ಚಿಯಲ್ಲಿ ಕೂತೇ, "ಉಲ್ಟಾ ತಿರುಗ್ತಿದೆ, ಎರಡು ಫೇಸ್ ಅದಲುಬದಲು ಮಾಡ್ರೋ" ಅಂದರು. ಮಾಡಿದೆವು, ಎದ್ದಿತು.

ಖಾಲಿ ತೋಳನ್ನೇ ಹತ್ತಾರು ಸಲ ಏರಿಸಿ ಇಳಿಸಿ ಕಿವಿಗೊಟ್ಟೆ. ತೋಳು ಕೆಳಗೆ ಜಾರದಂತೆ ಹಿಡಿಯುವ ಲಾಕು ಎರಡೂ ಕಂಬದಲ್ಲಿ ಒಂದೇ ಸಲಕ್ಕೆ ಟಕ್ ಅನ್ನಬೇಕು. ನಮ್ಮದು ಟಕ್-ಟಕ್ ಅನ್ನುತ್ತಿತ್ತು, ಬಲಗಡೆಯದು ಹಿಂದೆ. ಕೇಬಲ್ಲಿನ ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋಗಿ ಒಂದು ಸದ್ದಿಗೆ ತಂದೆ. ಬೀಮಿಗೆ ಕಾರಿನ ನೆತ್ತಿ ತಾಗದಿರಲೆಂದು ಲಿಮಿಟ್ ಸ್ವಿಚ್ ಹಾಕಿದ್ದೇನೆ. ಸ್ವಿಫ್ಟನ್ನು ಕೊನೆಯ ಲಾಕಿನ ತನಕ ಏರಿಸುವಂತಿಲ್ಲ, ನಾನು ತಲೆ ಸ್ವಲ್ಪ ಬಗ್ಗಿಸಿಯೇ ಕೆಲಸ ಮಾಡಬೇಕು. ಪರವಾಗಿಲ್ಲ.

ಮೊದಲು ಏರಿಸಿದ್ದು 800ನ್ನೇ. ಚಕ್ರ ನೆಲ ಬಿಟ್ಟು ಗೇಣುದ್ದ ಎದ್ದಿತ್ತು, ಬಲಹಿಂಬದಿಯಲ್ಲಿ ಕರ್ರ್ ಅಂತ ಸದ್ದು. ತಕ್ಷಣ ಇಳಿಸಿದೆ. ಬಾಗಿಲ ಕೆಳಗಿನ ಅಂಚು ತೋಳಿನ ತುದಿಯ ಪ್ಯಾಡಿನ ಆಕಾರಕ್ಕೇ ಕುಸಿದಿತ್ತು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕಪ್ಪು ಕೋಟಿಂಗಿನ ಒಳಗಿಂದ ತುಕ್ಕು ಪುಡಿಪುಡಿಯಾಗಿ ಉದುರಿತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಜಾಕ್ ಕೊಡುವಾಗ ನಾನು ಯಾವಾಗಲೂ ಎಡಗಡೆಯೇ ಕೊಡುತ್ತಿದ್ದೆ. ಗಾಡಿ ಬಿಡಿಭಾಗಗಳ ಅಂಗಡಿ ಸಾಲಿನ ಜೆ.ಸಿ. ರಸ್ತೆಯಲ್ಲೆಲ್ಲ ಸುತ್ತಿದರೂ ಆ ಪಟ್ಟಿ ಸಿಗಲಿಲ್ಲ. ಕೊನೆಗೆ ತಗಡು ಮಡಚಿಸಿ ವೆಲ್ಡ್ ಮಾಡಿಸಿದೆ.

ಬೋಲ್ಟುಗಳನ್ನು ವಾರ ಬಿಟ್ಟು ನೋಡಿದಾಗ ಅವುಗಳಲ್ಲಿ ಎರಡು ಬೋಲ್ಟು ಕಾಲು ಸುತ್ತಿನಷ್ಟು ಬಿಗಿ ತೆಗೆದುಕೊಂಡವು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ವ್ರೆಂಚ್ ಹಾಕುತ್ತೇನೆ. ಕಾರು ಏರಿಸಿದ ಮೇಲೆ ಲಾಕಿನ ಮೇಲೆ ಇಳಿಸಿ ಕೂರಿಸದೆ ಕೆಳಗೆ ಕಾಲಿಡುವುದಿಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ. ಕಣ್ಣು ಕಾಣದಿದ್ದರೂ ಟಕ್ ಅಂದದ್ದು ಒಂದೋ ಎರಡೋ ಅಂತ ನನಗಿಂತ ಮೊದಲು ಅವರೇ ಹೇಳುತ್ತಾರೆ.