ಎಂಎಲ್‌ಎಚ್1 ಜೀನ್ ಸ್ತಬ್ಧವಾಗುವುದನ್ನು ದತ್ತಾಂಶದಲ್ಲಿ ಗುರುತಿಸುವ ಕ್ರಮ

ಡಿಎನ್‌ಎ ಅನುಕ್ರಮ ಬದಲಾಗದಿದ್ದರೂ, ಜೀನನ್ನು ಚಾಲನೆಗೊಳಿಸುವ ಪ್ರವರ್ತಕ ಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡು (ಮೀಥೈಲೇಶನ್) ಜೀನ್ ಸ್ತಬ್ಧವಾಗಬಹುದು ಎಂಬುದಕ್ಕೆ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಡಿಎನ್‌ಎ ನಕಲಿನ ತಪ್ಪುಗಳನ್ನು ಸರಿಪಡಿಸುವ ಎಂಎಲ್‌ಎಚ್1 ಜೀನ್ ಒಳ್ಳೆಯ ನಿದರ್ಶನ. ಅಭ್ಯಾಸಕ್ಕೆ ಕ್ಯಾನ್ಸರ್ ಗೆಡ್ಡೆಗಳ ಜೀನ್ ಮಾಹಿತಿ ಕಲೆಹಾಕಿದ ಅಮೆರಿಕದ ಟಿಸಿಜಿಎ ಯೋಜನೆಯ ಉಚಿತ ದತ್ತಾಂಶವೇ ಸಾಕು.

ಆರ್ ಭಾಷೆಯ ಟಿಸಿಜಿಎಬಯೋಲಿಂಕ್ಸ್ ಪ್ಯಾಕೇಜಿನಿಂದ 450ಕೆ (ಸುಮಾರು 4.5 ಲಕ್ಷ ಡಿಎನ್‌ಎ ತಾಣಗಳನ್ನು ಅಳೆಯುವ ಚಿಪ್) ಮೀಥೈಲೇಶನ್ ಕಡತಗಳನ್ನೂ, ಜೀನ್ ಎಷ್ಟು ಸಕ್ರಿಯವೆಂದು ತೋರಿಸುವ ಆರ್‌ಎನ್‌ಎ ಎಣಿಕೆಗಳನ್ನೂ ಇಳಿಸಿಕೊಂಡು, ಪ್ರತಿ ಮಾದರಿಯ ಗುರುತು ಸಂಕೇತಗಳಾದ ಬಾರ್‌ಕೋಡ್‌ಗಳ ಮೂಲಕ ಜೋಡಿಸಬೇಕು. ಮೊದಲ 12 ಅಕ್ಷರಗಳು ರೋಗಿಯನ್ನಷ್ಟೇ ಸೂಚಿಸುತ್ತವೆ. 14 ಮತ್ತು 15ನೆಯ ಸ್ಥಾನದಲ್ಲಿ 01 ಇದ್ದರೆ ಪ್ರಾಥಮಿಕ ಗೆಡ್ಡೆ, 11 ಇದ್ದರೆ ಸಾಮಾನ್ಯ ಅಂಗಾಂಶ. ಇದನ್ನು ಕಡೆಗಣಿಸಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಬಳಿಕ, ಆನುವಂಶಿಕ ವ್ಯತ್ಯಾಸಗಳ ಮೇಲೆ ಬೀಳುವ ಪ್ರೋಬ್‌ಗಳನ್ನು (ಚಿಪ್‌ನ ಅಳೆಯುವ ಬಿಂದುಗಳನ್ನು) ತೆಗೆದುಹಾಕಿ, 0ಯಿಂದ 1ರವರೆಗಿನ ಬೀಟಾ ಮೌಲ್ಯಗಳನ್ನು (ಮೀಥೈಲೇಶನ್‌ನ ಪ್ರಮಾಣ) ಪ್ರವರ್ತಕದ ಸಿಪಿಜಿ ದ್ವೀಪದಲ್ಲಿ, ಅಂದರೆ ಮೀಥೈಲ್ ಅಂಟುವ ತಾಣಗಳು ದಟ್ಟವಾಗಿರುವ ಭಾಗದಲ್ಲಿ, ಮಾತ್ರ ನೋಡಬೇಕು. ಇಡೀ ಜೀನಿನ ಸರಾಸರಿ ತೆಗೆಯುವುದು ಸುಲಭವೇನೋ ಹೌದು, ಆದರೆ ಜೀನಿನ ಒಡಲಿನ ಮೀಥೈಲೇಶನ್‌ಗೆ ಬೇರೆಯೇ ಅರ್ಥವಿರುವುದರಿಂದ ಅದು ದಾರಿ ತಪ್ಪಿಸುತ್ತದೆ. ಹೆಚ್ಚಿನ ಗೆಡ್ಡೆಗಳಲ್ಲಿ ಈ ಪ್ರವರ್ತಕ ಮೀಥೈಲೀಕರಣಗೊಂಡಿರುವುದಿಲ್ಲ. ಆದ್ದರಿಂದ ಗುಂಪುಗಳ ಸರಾಸರಿಗಿಂತ ಒಂದೊಂದು ಗೆಡ್ಡೆಯನ್ನೂ ಒಂದೊಂದು ಚುಕ್ಕೆಯಾಗಿ ತೋರಿಸುವ ನಕ್ಷೆಯೇ ವಿಶ್ವಾಸಾರ್ಹ. ಬೀಟಾ ಹೆಚ್ಚಿ ಆರ್‌ಎನ್‌ಎ ಕುಸಿದ ಚುಕ್ಕೆಗಳಲ್ಲಿ ಮೈಕ್ರೋಸ್ಯಾಟಲೈಟ್ ಅಸ್ಥಿರತೆ (ಡಿಎನ್‌ಎಯ ಪುನರಾವರ್ತಿತ ತುಣುಕುಗಳ ಉದ್ದ ಬದಲಾಗುವುದು) ಮತ್ತು ಬಿಆರ್‌ಎಎಫ್ ಜೀನಿನ ವಿ600ಇ ರೂಪಾಂತರ ಇವೆಯೇ ಎಂದು ಪರಿಶೀಲಿಸಿ. ಇವು ಸಾಮಾನ್ಯವಾಗಿ ಜೊತೆಗೂಡಿ ಬರುತ್ತವೆ. ಗೆಡ್ಡೆಯಲ್ಲಿ ಬೆರೆತ ಸಾಮಾನ್ಯ ಕೋಶಗಳು ಬೀಟಾವನ್ನು ತಗ್ಗಿಸುವುದರಿಂದ ಶುದ್ಧತೆಯ (ಮಾದರಿಯಲ್ಲಿ ಕ್ಯಾನ್ಸರ್ ಕೋಶಗಳ ಪಾಲು) ಅಂದಾಜನ್ನೂ ಸೇರಿಸಬೇಕು.

ಸಹಸಂಬಂಧವು ಕಾರಣವನ್ನು ಸಾಬೀತುಪಡಿಸದು. ಅದಕ್ಕೆ ದೊಡ್ಡಕರುಳಿನ ಕ್ಯಾನ್ಸರಿನಿಂದ ಬೆಳೆಸಿದ ಆರ್‌ಕೆಒ ಕೋಶಗಳಿಗೆ ಮೀಥೈಲೇಶನ್ ತಗ್ಗಿಸುವ ಡೆಸಿಟಾಬಿನ್ ಔಷಧ ನೀಡಿ, ಎಂಎಲ್‌ಎಚ್1 ಮರಳಿ ಅಭಿವ್ಯಕ್ತವಾಗುವುದೇ ಎಂದು ಪ್ರಯೋಗಾಲಯದಲ್ಲೇ ನೋಡಬೇಕಾಗುತ್ತದೆ.